ಹೆದರಲು ಕಲಿಯದ ಮೀನು

ಕಂಪ್ಲಿ ಹತ್ತಿರ ಹೊಳೆಯಲ್ಲಿ ಮೀನುಗಳಿಗೆ ಮತ್ತೆ ನೆಲೆ ಮಾಡಿಕೊಡುವ ಕೆಲಸ ನಮ್ಮದಾಗಿತ್ತು. ಮರಳು ಹೋಗಿ ಬರಿದಾಗಿದ್ದ ಕಡೆ ಗುಂಡುಕಲ್ಲು ಹಾಕಿಸಿದೆವು. ಆ ಕಲ್ಲುಸಂದಿಗಳಲ್ಲಿ ಬದುಕಲಿ ಅಂತ, ತೊಟ್ಟಿಯಲ್ಲಿ ಸಾಕಿದ ಮರಿಗಳನ್ನು ತಂದು ಬಿಟ್ಟೆವು. ತೊಟ್ಟಿಯಲ್ಲಿದ್ದ ಮೂರು ತಿಂಗಳೂ ದಿನಾ ಎರಡು ಹೊತ್ತು ಅವಕ್ಕೆ ತವುಡು, ಶೇಂಗಾ ಹಿಂಡಿ ಹಾಕಿದವನು ನಾನೇ.

ಮರಿಗಳು ಕಲ್ಲಿನ ಕಡೆ ಹೋಗಲೇ ಇಲ್ಲ. ದಡದಲ್ಲಿ ನನ್ನ ನೆರಳು ಬಿದ್ದ ನೀರಿನಲ್ಲೇ ಬಾಯಿ ತೆರೆದು ಗುಂಪುಗೂಡಿದವು. ಬೆಳ್ಳಕ್ಕಿಗಳು ಬಂದು ಸಾಲಾಗಿ ನಿಂತವು.

ನಮಗೆ ಹರಿಗೋಲು ನಡೆಸುತ್ತಿದ್ದ ಮುದುಕ ಮೀನುಗಾರ ಹುಲುಗಪ್ಪಜ್ಜ, ಹುಟ್ಟು ಎತ್ತಿ ಪಟಪಟ ನೀರು ಬಡಿಯತೊಡಗಿದ. ನನಗೆ ಸಿಟ್ಟು ಬಂತು.

"ಏನ್ ಮಾಡಾಕತ್ತೀರಿ ಅಜ್ಜಾರ? ಮರಿ ಹೆದರ್ತಾವ!"

"ಹೆದರ್ಲಿ ಬಿಡ್ರಿ ಸರ, ಹೆದ್ರಿದ್ರನ ಉಳಿತಾವ. ಬಲೆಗೆ ಮೀನ ಬೀಳ್ಲಿ ಅಂತ ಹಿಂಗ ನೀರು ಬಡ್ಕೋತ ಮುದುಕಾದೆ. ಓಡಿ ಹೋಗ್ಲಿ ಅಂತ ಬಡಿಯೋದು ಇದ ಮೊದಲು."

ತೋಳು ಸೋಲುವವರೆಗೂ ಬಡಿದ. ಮರಿಗಳು ಚದುರುತ್ತಿದ್ದವು, ಸದ್ದು ನಿಂತೊಡನೆ ನನ್ನ ಕಾಲ ಬಳಿಗೇ ವಾಪಸು ಬರುತ್ತಿದ್ದವು. ಬೆಳ್ಳಕ್ಕಿಗಳು ಅವಸರವೇ ಇಲ್ಲದೆ ಹೆಕ್ಕಿದವು.

"ನೀವು ಇಲ್ಲಿಂದ ಹೋಗಿಬಿಡ್ರಿ ಸರ," ಅಂದ ಅಜ್ಜ, ಮೆಲ್ಲಗೆ. "ನಿಮ್ಮನ್ನ ನೋಡೇ ಬರಾಕತ್ತಾವ."

ಹೋದೆ. ಆದರೆ ಮನಸ್ಸು ತಡೆಯದೆ ಮರುದಿನ ಮತ್ತೆ ಬಂದೆ. ನಾಲ್ಕೈದು ಉಳಿದಿದ್ದವು. ನೆರಳು ಕಂಡದ್ದೇ ಹತ್ತಿರ ಬಂದವು. ಹೆದರಿಸೋಣವೆಂದು ಸಣ್ಣ ಕಲ್ಲೊಂದನ್ನು ಎತ್ತಿ ನೀರಿಗೆ ಎಸೆದೆ.

ಕಲ್ಲು ಬಿದ್ದಲ್ಲಿಗೇ ನುಗ್ಗಿ ಬಾಯಿ ತೆರೆದವು. ಅವುಗಳ ತಪ್ಪೇನು? ಅಲ್ಲಿಯವರೆಗೆ ನನ್ನ ಕೈಯಿಂದ ಬಿದ್ದದ್ದೆಲ್ಲ ತಿನ್ನುವುದೇ ಆಗಿತ್ತು.