ಬೆರಳು ನಿಂತ ಕಡೆ ಅಕ್ಷರ

ನನ್ನ ಹೆಂಡತಿ ಶಾಲೆಯಲ್ಲಿ ಮಕ್ಕಳಿಗೆ ಕೋಡಿಂಗ್ ಕಲಿಸುತ್ತಾಳೆ. ನಾನು ದರ್ಜಿ. ದಿನವಿಡೀ ಪರದೆ ನೋಡುತ್ತ ಕುರ್ಚಿ ಬಿಸಿ ಮಾಡುವುದೂ ಒಂದು ಕೆಲಸವೇ ಎಂದು ಅವಳನ್ನು ಬಹಳ ಕಾಲ ರೇಗಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮಮ್ಮ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವಳು. ಕೈ ನಡುಗುವ ಕಾಯಿಲೆ ಬಂದು ಮೂರು ವರ್ಷವಾಯಿತು. ಪೆನ್ನು ಹಿಡಿಯಲಾಗದು, ಟೈಪ್ ಮಾಡಲೂ ಆಗದು. ಅವಳ ಅಕ್ಕ, ನಮ್ಮ ದೊಡ್ಡಮ್ಮ, ದೂರದ ಊರಿನಲ್ಲಿದ್ದಾಳೆ. ದೊಡ್ಡಮ್ಮನಿಗೆ ಕಿವಿ ಕೇಳಿಸದು, ಹಾಗಾಗಿ ಫೋನು ದಂಡ. ತಿಂಗಳಿಗೊಮ್ಮೆ ಅಮ್ಮ ಹೇಳುತ್ತಿದ್ದಳು, ನಾನು ಕಾಗದ ಬರೆಯುತ್ತಿದ್ದೆ. ಗೋಳಿನ ಮಾತುಗಳನ್ನು ಕತ್ತರಿಸಿ ಒಪ್ಪವಾಗಿ ಮುಗಿಸುತ್ತಿದ್ದೆ. ದರ್ಜಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ!

“ಒಂದೇ ಒಂದು ಕಾಗದ ನಾನೇ ಬರೀಬೇಕು ಕಣೋ,” ಎನ್ನುತ್ತಿದ್ದಳು ಅಮ್ಮ.

“ಯಾರು ಬರೆದರೇನಮ್ಮ, ಹೋಗಿ ಸೇರಿದರಾಯ್ತಲ್ಲ,” ಎಂದು ನಾನು ಸಿಡುಕುತ್ತಿದ್ದೆ.

ಇದು ನನ್ನವಳ ಕಿವಿಗೆ ಬಿತ್ತು. ಎಂಟನೇ ತರಗತಿಯ ಐದು ಮಕ್ಕಳನ್ನು ಮನೆಗೇ ಕರೆತಂದಳು. ಅವರು ಲ್ಯಾಪ್‌ಟಾಪ್ ತೆರೆದು, ಅಂಗೈಯಷ್ಟು ದೊಡ್ಡ ಅಕ್ಷರ ಮೂಡುವ ಪ್ರೋಗ್ರಾಂ ತೋರಿಸಿದರು.

“ಕಣ್ಣು ಚೆನ್ನಾಗೇ ಇದೆ ಮಕ್ಕಳೇ,” ಎಂದಳು ಅಮ್ಮ. “ಇವನ ಹೊಲಿಗೆ ಸೊಟ್ಟಗಿದ್ರೆ ಇಲ್ಲಿಂದಲೇ ಕಾಣುತ್ತೆ. ಹೇಳಿದ ಮಾತು ಕೇಳದಿರೋದು ಕೈ.”

ಮಕ್ಕಳ ಮುಖ ಸಪ್ಪಗಾಯಿತು. ನನ್ನವಳು ಬೈಯಲಿಲ್ಲ. “ನಮ್ಮ ಮನೆಯವರು ಅಳತೆ ತೆಗೀದೆ ಬಟ್ಟೆಗೆ ಕತ್ತರಿ ಹಾಕ್ತಾರಾ? ಇವತ್ತು ಕೋಡ್ ಬೇಡ. ಅಜ್ಜಿ ಟೈಪ್ ಮಾಡ್ತಾರೆ, ಅವರ ಕೈ ನೋಡಿ, ಸಾಕು.”

ಅರ್ಧ ಗಂಟೆಗೆಲ್ಲ ನಾಲ್ವರು ಆಕಳಿಸತೊಡಗಿದರು. ಐದನೆಯವಳು ಬಾಯಿ ಬಿಡದ ಹುಡುಗಿ. ತರಗತಿಯಲ್ಲಿ ಅವಳಿಗೆ ಮೌನಿ ಎಂದೇ ಹೆಸರು. ಅಮ್ಮ ಕೀ ಒತ್ತಿದಂತೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತ ಸಂಜೆಯವರೆಗೂ ಕೂತಳು.

“ಮಿಸ್,” ಎಂದಳು ಕೊನೆಗೆ, ಮೆಲ್ಲಗೆ. “ಅಜ್ಜಿ ಬೆರಳು ದಾರೀಲಿ ನಾಲ್ಕೈದು ಕೀಗೆ ತಾಗುತ್ತೆ. ಆದ್ರೆ ಕೊನೇಲಿ ನಿಲ್ಲೋದು ಸರಿಯಾದ ಕೀ ಮೇಲೇನೇ. ಒಂದ್ಸಲಾನೂ ತಪ್ಪಿಲ್ಲ.”

ಮೂರು ವರ್ಷ ಆ ಕೈಯನ್ನು ಹಿಡಿದು ನಡೆಸಿದವನು ನಾನು, ನಡುಕವೊಂದನ್ನೇ ಕಂಡಿದ್ದೆ. ಅದು ಪ್ರತಿ ಸಲವೂ ಹೋಗಬೇಕಾದಲ್ಲಿಗೇ ಹೋಗಿ ಮುಟ್ಟುತ್ತಿತ್ತು ಎಂಬುದು ಇಷ್ಟುದ್ದದ ಹುಡುಗಿಗೆ ಒಂದೇ ಮಧ್ಯಾಹ್ನದಲ್ಲಿ ಕಂಡಿತು. ಹಾಗೆ ನೋಡುವುದನ್ನು ಕಲಿಸಿದವಳು ನನ್ನ ಹೆಂಡತಿ. ಅವಳನ್ನು ಹೊಸದಾಗಿ ಕಂಡವನಂತೆ ಬೆರಗಾಗಿ ನಿಂತುಬಿಟ್ಟೆ.

ಮುಂದಿನ ವಾರ ಮಕ್ಕಳು ಹೊಸ ಪ್ರೋಗ್ರಾಂ ತಂದರು. ಬರಿದೇ ತಾಗಿದ ಕೀ ಲೆಕ್ಕಕ್ಕಿಲ್ಲ. ಬೆರಳು ಒಂದು ಕ್ಷಣ ನಿಂತರಷ್ಟೇ ಅಕ್ಷರ. ಅಮ್ಮ ನಮ್ಮನ್ನೆಲ್ಲ ಹೊರಗಟ್ಟಿ ಬಾಗಿಲು ಹಾಕಿಕೊಂಡಳು. ಒಂದೂವರೆ ಗಂಟೆಯ ಮೇಲೆ ನನ್ನನ್ನು ಕರೆದಳು.

“ಪ್ರಿಂಟ್ ತೆಗೆಸಿ ಪೋಸ್ಟ್ ಮಾಡು. ಎಲ್ಲೂ ಕತ್ತರಿ ಹಾಕಬೇಡ.”

ಪರದೆಯ ಮೇಲೆ ನಾಲ್ಕೇ ಸಾಲಿತ್ತು.

“ಅಕ್ಕಾ, ಇದು ನಾನೇ ಬರೆದದ್ದು. ನಾನು ಚೆನ್ನಾಗಿದ್ದೇನೆ ಅಂತ ಇವನು ಪ್ರತಿ ಸಲ ಬರೆಯುತ್ತಿದ್ದ. ನಾನು ಹಾಗೆ ಒಂದು ಸಲವೂ ಹೇಳಿರಲಿಲ್ಲ. ನಿನ್ನನ್ನು ನೋಡಬೇಕು, ಬೇಗ ಬಾ.”