ಲವೀನಾ ಶುರು ಮಾಡಿದ ಪ್ರೋಗ್ರಾಂ

“ಅದನ್ನು ಆಫ್ ಮಾಡಬೇಡಿ, ಆಯ್ತಾ? ಮಗಳದ್ದು ಎಂತದೋ ನಡೀತಾ ಉಂಟಲ್ಲ.”

ಮಣಿಪಾಲದ ನಮ್ಮ ಲ್ಯಾಬಿನಲ್ಲಿ ಲವೀನಾಳ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದ ಅವಳ ಅಪ್ಪ ಕಂಪ್ಯೂಟರ್ ಮುಂದೆ ನಿಂತುಬಿಟ್ಟಿದ್ದರು. ಕಾಪುವಿನ ಲವೀನಾ ನನ್ನ ಜೊತೆ ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಹಿಂದಿನ ವಾರವಷ್ಟೇ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಿದ್ದಳು. ಆಸ್ಪತ್ರೆ ಸೇರಿದ ದಿನ ಬೆಳಿಗ್ಗೆ ಅವಳು ಶುರು ಮಾಡಿದ್ದ ಪ್ರೋಗ್ರಾಂ ಇನ್ನೂ ಓಡುತ್ತಿತ್ತು. ಕ್ವಾಂಟಂ ಕಂಪ್ಯೂಟರಿನಲ್ಲಿ ನುಸುಳುವ ತಪ್ಪುಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸುವ ಕೆಲಸ ಅದು.

ಆ ಕೆಲಸದ ಬಗ್ಗೆ ಅಷ್ಟನ್ನು ಅವರಿಗೆ ಹೇಳಿದೆ. ಅವರು ಕುರ್ಚಿ ಎಳೆದು ಕುಳಿತರು. ಪರದೆಯ ಮೇಲೆ ಒಂದೊಂದೇ ಸಾಲು ಮೂಡುವುದನ್ನು ಸಂಜೆಯವರೆಗೂ ನೋಡಿದರು. ನಾನು ತಂದಿಟ್ಟ ಚಹಾ ತಣ್ಣಗಾಯಿತು.

ಕೆಲವು ದಿನಗಳ ನಂತರ ಪ್ರೋಗ್ರಾಂ ಮುಗಿಯಿತು. ಲವೀನಾ ಅಂದುಕೊಂಡಿದ್ದ ದಾರಿ ಫಲ ಕೊಟ್ಟಿರಲಿಲ್ಲ. ಅವಳ ಅಪ್ಪನ ಫೋನ್ ಬಂದಾಗ ಸುಳ್ಳು ಹೇಳಿಬಿಡೋಣ ಅನ್ನಿಸಿತು, ಆದರೆ ಬಾಯಿ ಬರಲಿಲ್ಲ.

“ಸರಿ ಬರಲಿಲ್ಲ ಅಂಕಲ್” ಅಂದೆ.

ಅವರು ಕೇಳಿದರು: “ಅವಳು ಇದ್ದಿದ್ದರೆ ಇನ್ನೊಮ್ಮೆ ಮಾಡ್ತಿದ್ದಳು, ಅಲ್ವಾ?”

ಈಗ ಆ ಕೆಲಸವನ್ನು ನಾನು ಕೈಗೆತ್ತಿಕೊಂಡಿದ್ದೇನೆ. ಪ್ರತಿ ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಮನೆಗೆ ಬಂದ ಮೇಲೆ ಅವರು ಫೋನ್ ಮಾಡಿ ಎಲ್ಲಿಗೆ ಬಂತೆಂದು ವಿಚಾರಿಸುತ್ತಾರೆ. ಈ ಸಲವಾದರೂ ಸರಿ ಬರಲಿ ಎಂದು ನಾನೂ ಹಾರೈಸುತ್ತೇನೆ. ಆದರೆ ಅದು ಸರಿ ಬಂದ ದಿನ ಆ ಅಪ್ಪನಿಗೆ ಕಾಯಲು ಏನೂ ಉಳಿಯುವುದಿಲ್ಲವಲ್ಲ ಎಂದು ನೆನೆದಾಗ ಕೈ ತಾನಾಗಿ ನಿಧಾನವಾಗುತ್ತದೆ.