ಜೋಮು ಬಿಡುವ ಹೊತ್ತು

ನನ್ನ ಕೆಲಸ ಏನೆಂದು ಚಳ್ಳಕೆರೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆಸ್ಪತ್ರೆಯ ಬೋರ್ಡಿನಲ್ಲಿ ಅರಿವಳಿಕೆ ತಜ್ಞೆ ಎಂದು ಬರೆದಿದ್ದಾರೆ. ಜನರ ಬಾಯಲ್ಲಿ ನಾನು ‘ಮತ್ತು ಕೊಡೋ ಡಾಕ್ಟ್ರಮ್ಮ’. ಆಪರೇಷನ್ ಚೆನ್ನಾಗಿ ಆದರೆ ಹಾರ ಸರ್ಜನ್ನರಿಗೆ. ವರ್ಷಗಳಾದ ಮೇಲೆ ಸೊಂಟ ನೋವು ಬಂದರೂ ಬೈಗುಳ ಮಾತ್ರ ನನ್ನ ಸೂಜಿಗೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಹೋದ ಬೇಸಿಗೆಯಲ್ಲಿ ಮೊಳಕಾಲ್ಮೂರಿನಿಂದ ಒಬ್ಬ ಹೆಂಗಸು ಬಂದಳು, ಜೊತೆಯಲ್ಲಿ ಅವಳ ಅತ್ತೆ. ಮನೆಯಲ್ಲೇ ರೇಷ್ಮೆ ಸೀರೆ ನೇಯುವವರು. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಮೇಲೇಳುವಾಗ ಕಾಲು ಜಾರಿ, ಬಲಗೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಪ್ಲೇಟು ಹಾಕಬೇಕಿತ್ತು. ಮೂಳೆಯ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ.

“ಆಮೇಲೆ ಬೆರಳಿಗೆ ಎಳೆ ಗೊತ್ತಾಗ್ತೈತಲ್ರಿ?” ಎಂದಳು, ಅಷ್ಟೆ.

ಎಳೆ ಹರಿದಿದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕಂತೆ. ಇಲ್ಲದಿದ್ದರೆ ಮಗ್ಗಕ್ಕೆ ಕೂತು ಏನು ಪ್ರಯೋಜನ ಎಂದು ಅತ್ತೆಯೂ ದನಿಗೂಡಿಸಿದರು. ಸೊಸೆಗೆ ನೇಯ್ಗೆ ಕಲಿಸಿದವರು ಅವರೇ. ಅವರ ಕಣ್ಣು ಮಂಜಾದ ಮೇಲೆ ಮನೆ ನಡೆಯುತ್ತಿದ್ದದ್ದು ಈ ಬಲಗೈಯಿಂದ.

ಅವಳಿಗೆ ದಮ್ಮು ಬೇರೆ ಇತ್ತು. ಪೂರ್ತಿ ಪ್ರಜ್ಞೆ ತಪ್ಪಿಸಿ ಗಂಟಲಿಗೆ ನಳಿಗೆ ಹಾಕಿದರೆ ಉಸಿರು ಕಟ್ಟಿಕೊಳ್ಳುವ ಭಯ. ಹಾಗಾಗಿ ತೋಳೊಂದನ್ನೇ ಮರಗಟ್ಟಿಸುವುದು ಎಂದು ತೀರ್ಮಾನಿಸಿದೆ. ನಾನು ಕಲಿಯುವಾಗ ನರ ಇಲ್ಲಿರಬಹುದು ಎಂಬ ಅಂದಾಜಿನ ಮೇಲೆ ಸೂಜಿ ಹಾಕುತ್ತಿದ್ದೆವು, ದೇವರ ಮೇಲೆ ಭಾರ. ಈಗ ಸ್ಕ್ಯಾನಿಂಗ್ ಪರದೆಯ ಮೇಲೆ ನರ, ಅದರ ಪಕ್ಕದ ರಕ್ತನಾಳ, ಕೆಳಗಿನ ಶ್ವಾಸಕೋಶ ಎಲ್ಲ ಕಾಣುತ್ತದೆ. ಔಷಧಿಯೂ ಕಡಿಮೆ ಸಾಕು. ಆಪರೇಷನ್ ನಡೆಯುವಾಗ ಅವಳು ಎಚ್ಚರವಾಗಿಯೇ ಇದ್ದಳು, ಸೀರೆ ಅಂಚಿನ ವಿಷಯ ಮಾತಾಡುತ್ತಲೇ ಇದ್ದಳು.

ಬೆಳಗಿನತನಕ ಕೈಗೆ ಏನೂ ಗೊತ್ತಾಗುವುದಿಲ್ಲ, ಬಿಸಿ ತಾಕಿಸಬೇಡ, ಜೋಲು ಬಿಡಬೇಡ ಎಂದು ಅವಳಿಗೆ ಹೇಳಿದೆ. ತಲೆಯಾಡಿಸಿದಳು. ಹೆದರಿದವರ ಕಿವಿಗೆ ಹತ್ತು ಮಾತಿನಲ್ಲಿ ಎರಡು ಹೋದರೆ ಹೆಚ್ಚು. ಅತ್ತೆ ಆಗ ಹೊರಗೆ ಕೂತಿದ್ದರು.

ಸಂಜೆ ಮನೆಗೆ ಹೊರಡುವ ಮೊದಲು ವಾರ್ಡಿಗೆ ಹೋದೆ. ಅತ್ತೆ ಮಂಚದ ಪಕ್ಕ ನಿಂತಿದ್ದರು, ಕೈಯಲ್ಲಿ ಹಳೆ ಸೀರೆ ಚೂರಿನಲ್ಲಿ ಕಟ್ಟಿದ ಉಪ್ಪಿನ ಗಂಟು. ಗೇಟಿನೆದುರಿನ ಟೀ ಅಂಗಡಿಯ ಬಾಣಲೆಯಲ್ಲಿ ಉಪ್ಪು ಹುರಿಸಿಕೊಂಡು ಬಂದಿದ್ದರು. ಉಳುಕಿರಲಿ, ಜೋಮಿರಲಿ, ನಮ್ಮ ಕಡೆ ಮೊದಲ ಮದ್ದು ಅದೇ. ನನ್ನ ಅಜ್ಜಿಯೂ ಮಾಡುತ್ತಿದ್ದಳು. ಗಂಟು ಸೊಸೆಯ ಬೆರಳ ತುದಿಗೆ ಇನ್ನೇನು ತಾಕಬೇಕು.

“ಬಿಡ್ರಿ ಅದನ್ನ!” ಎಂದು ಕಿರುಚಿದೆ. ಇಡೀ ವಾರ್ಡು ತಿರುಗಿ ನೋಡಿತು.

“ಚೆಯ್ಯಿ ಚಚ್ಚಿಪೋಯಿಂದಿ,” ಎಂದು ಅವರು ತೆಲುಗಿನಲ್ಲಿ ಗೋಳಾಡಿದರು. ಆಮೇಲೆ ನನಗಾಗಿ ಕನ್ನಡದಲ್ಲಿ, “ಕೈ ಸತ್ತೋಗೈತೆ ಡಾಕ್ಟ್ರಮ್ಮ. ಚಿವುಟಿದ್ರೂ ಗೊತ್ತಾಗ್ತಿಲ್ಲ. ಶಾಖ ಕೊಟ್ರೆ ಜೀವ ಬರ್ತೈತೆ,” ಎಂದರು. ಸೊಸೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

“ಗಂಟನ್ನ ಈ ಕೈಯಿಂದ ಆ ಕೈಗೆ ಯಾಕೆ ಬದಲಾಯಿಸ್ತಿದ್ದೀರಿ?” ಎಂದು ಅತ್ತೆಯನ್ನು ಕೇಳಿದೆ.

“ಸುಡ್ತೈತಲ್ಲ.”

“ನಿಮಗೆ ಸುಡ್ತೈತೆ, ಬದಲಾಯಿಸ್ತೀರಿ. ಅವಳಿಗೆ ಬೊಬ್ಬೆ ಎದ್ರೂ ಗೊತ್ತಾಗಲ್ಲ, ಸುಮ್ನೆ ಮಲಗಿರ್ತಾಳೆ.”

ಅವರು ಗಂಟನ್ನು ಕಿಟಕಿಯಾಚೆ ಎಸೆದೇಬಿಟ್ಟರು. ನನ್ನ ಸಿಟ್ಟು ಇಳಿದ ಮೇಲೆ ಭಯವಾಯಿತು. ಸ್ಟೂಲ್ ಎಳೆದುಕೊಂಡು ಕೂತೆ. “ಕೈ ಸತ್ತಿಲ್ಲ, ಮಲಗೈತೆ. ಬೆಳಗ್ಗೆ ಏಳ್ತೈತೆ. ಅಲ್ಲೀತನಕ ಕಾವಲು ನಿಮ್ದು,” ಎಂದೆ. ಆ ಹೊತ್ತಿನಿಂದ ಟೀ ಲೋಟ ಹಿಡಿದವರು ಯಾರೂ ಆ ಮಂಚದ ಹತ್ತಿರ ಸುಳಿಯುವಂತಿರಲಿಲ್ಲವಂತೆ. ನರ್ಸಮ್ಮನನ್ನೂ ಅತ್ತೆ ಗದರಿದರಂತೆ.

ಬೆಳಗ್ಗೆ ಏಳುತ್ತದೆ ಎಂದು ನಾನೇನೋ ಹೇಳಿಬಿಟ್ಟೆ. ಆದರೆ ಅಪರೂಪಕ್ಕೆ ಜೋಮು ಬೇಗ ಬಿಡದಿರುವುದೂ ಉಂಟು. ಬಿಟ್ಟರೆ, ತಡೆದು ನಿಂತಿದ್ದ ನೋವು ಒಮ್ಮೆಗೇ ಮೈಮೇಲೆ ಬೀಳುವುದೂ ಉಂಟು. ಈ ನೋವಿನ ಮೇಲೆ ಈಚೆಗೆ ಸಾಕಷ್ಟು ಸಂಶೋಧನೆ ನಡೆಯುತ್ತಿದೆ. ನೋವು ಅಂದಮೇಲೆ ತಡೆದುಕೊಳ್ಳಬೇಕು ಎಂದು ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದರು. ರೋಗಿ ಕೂಗಿದ ಮೇಲೆ ಇಂಜೆಕ್ಷನ್. ಈಗ ಜೋಮು ಇರುವಾಗಲೇ ಮಾತ್ರೆ ಶುರು ಮಾಡುತ್ತೇವೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು ಎನ್ನುವುದಕ್ಕೆ ಸಂಶೋಧನೆ ಯಾಕೆ ಬೇಕಿತ್ತೋ! ಅವಳಿಗೂ ಹಾಗೇ ಬರೆದುಕೊಟ್ಟು ಮನೆಗೆ ಹೋದೆ. ಊಟ ರುಚಿಸಲಿಲ್ಲ.

ಬೆಳಗ್ಗೆ ತಿಂಡಿಯನ್ನೂ ತಿನ್ನದೆ ಬಂದೆ. ಅತ್ತೆ ವಾರ್ಡಿನ ಬಾಗಿಲಲ್ಲೇ ನಿಂತಿದ್ದರು. “ನೋವು ಬಂತು ಡಾಕ್ಟ್ರಮ್ಮ!” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು, ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ. ನನಗೂ ಕಣ್ಣು ತುಂಬಿತು.

ಒಳಗೆ ಸೊಸೆ ಕಣ್ಣು ಮುಚ್ಚಿ ಕೂತಿದ್ದಳು. ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆರಳು, ತೋರುಬೆರಳುಗಳ ನಡುವೆ ಒಂದು ಉದುರಿದ ತಲೆಗೂದಲು. ಅದನ್ನು ಮೆಲ್ಲಗೆ ಹೊಸೆಯುತ್ತಿದ್ದಳು.

“ಗೊತ್ತಾಗ್ತೈತೆ,” ಎಂದಳು.

“ನೋವು ಎಷ್ಟೈತೆ?”

“ಐತೆ. ತಡ್ಕೊಳೋ ಅಷ್ಟೈತೆ.”

ತಡೆದುಕೊಳ್ಳುವುದೇನೂ ಬೇಡ ಎಂದು ನರ್ಸಮ್ಮನಿಗೆ ಮಾತ್ರೆ ತರಲು ಹೇಳಿದೆ. ಅವಳು ಕಣ್ಣು ತೆರೆದಳು.

“ಈಗ್ಲೇ ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದು ಚೂರು ಹೊತ್ತು ಗೊತ್ತಾಗ್ತಾ ಇರ್ಲಿ.”

ನೋವು ತೆಗೆಯಿರಿ ಎಂದು ಬೇಡಿದವರನ್ನಷ್ಟೇ ನಾನು ಈವರೆಗೆ ಕಂಡಿದ್ದೆ. ಅವಳ ಮಂಚದ ಅಂಚಿನಲ್ಲಿ ಕೂತೆ. ಅವಳು ಮತ್ತೆ ಕಣ್ಣು ಮುಚ್ಚಿದಳು. ನರ್ಸಮ್ಮ ಮಾತ್ರೆ, ನೀರು ಹಿಡಿದು ಪಕ್ಕದಲ್ಲಿ ನಿಂತಳು. ನಾವೆಲ್ಲ ಕಾದೆವು.